ಅಪ್ಪ ತೀರ್ಕೊಂಡ ಮೇಲೆ ಸಾವಿನ ಬಗ್ಗೆ ಏನು ಓದ್ಲಿ?

ಪ್ರಶ್ನೆ: ಸರ್, ನಮ್ಮಪ್ಪ ತೀರ್ಕೊಂಡು ಎಂಟು ತಿಂಗಳಾಯ್ತು, ಕೊನೇ ಎರಡು ವಾರ ಐಸಿಯುನಲ್ಲೇ ಇದ್ರು. ಆವಾಗಿಂದ ಸಾವಿನ ಬಗ್ಗೆ ಓದ್ಬೇಕು ಅನ್ನಿಸ್ತಿದೆ, ಕಥೆ, ಕಾದಂಬರಿ, ಇತಿಹಾಸ ಏನಾದ್ರೂ ಸರಿ. ಫ್ರೆಂಡ್ ಒಬ್ರು ‘ಐದು ಹಂತ’ದ ಪುಸ್ತಕ ಕೊಟ್ರು, ಅರ್ಧಕ್ಕೇ ಬಿಟ್ಟೆ. ಮನೇಲಿರೋದು ಗರುಡ ಪುರಾಣ ಒಂದೇ, ಅದನ್ನ ಸುಮ್‌ಸುಮ್ನೆ ತೆಗೀಬಾರ್ದು ಅಂತಾರೆ ಅಮ್ಮ. ಕನ್ನಡದಲ್ಲಿ ಏನಿದೆ, ಎಲ್ಲಿಂದ ಶುರು ಮಾಡ್ಲಿ? ಒಂಬತ್ತು ವರ್ಷದ ಮಗಳಿಗೂ ಏನಾದ್ರೂ ಬೇಕು, ತಾತ ಎಲ್ಲಿ ಹೋದ್ರು ಅಂತ ಕೇಳ್ತಾನೇ ಇರ್ತಾಳೆ.

ಉತ್ತರ: ಅರ್ಧಕ್ಕೆ ಬಿಟ್ಟಿದ್ದು ಒಳ್ಳೇದೇ ಆಯ್ತು ಬಿಡಿ. ಆ ಪುಸ್ತಕ ಕೆಟ್ಟದ್ದು ಅಂತಲ್ಲ, ಅದು ನಿಮ್ಮಂಥವರಿಗೆ ಅಂತ ಬರೆದದ್ದಲ್ಲ ಅಷ್ಟೇ. ಎಲಿಜಬೆತ್ ಕ್ಯೂಬ್ಲರ್-ರಾಸ್ ಅನ್ನೋ ಮನೋವೈದ್ಯೆ 1969ರಲ್ಲಿ ‘ಆನ್ ಡೆತ್ ಅಂಡ್ ಡೈಯಿಂಗ್’ ಬರೆದಾಗ ಅವ್ರು ಕೂತು ಮಾತಾಡ್ಸಿದ್ದು ಮುಖ್ಯವಾಗಿ ಶಿಕಾಗೋ ಆಸ್ಪತ್ರೇಲಿ ಸಾಯ್ತಾ ಇದ್ದ ರೋಗಿಗಳನ್ನ. ನಂಬದೇ ಇರೋದು, ಸಿಟ್ಟು, ಚೌಕಾಸಿ, ಕುಗ್ಗಿಹೋಗೋದು, ಒಪ್ಕೊಳ್ಳೋದು ಅನ್ನೋ ಐದೂ ತನಗೇ ಸಾವು ಬಂದಿದೆ ಅಂತ ಗೊತ್ತಾದ ಮನುಷ್ಯಂದು. ಬರ್ತಾ ಬರ್ತಾ ಅದನ್ನ ಎತ್ಕೊಂಡು ದುಃಖದಲ್ಲಿರೋರ ತಲೆ ಮೇಲೂ ಹೊರಿಸಿದ್ರು, ಅವ್ರೇ ಕೊನೆಗಾಲದಲ್ಲಿ ಇನ್ನೊಬ್ರ ಜೊತೆ ಸೇರಿ ಬರೆದು 2005ರಲ್ಲಿ ಬಂದ ಪುಸ್ತಕದಲ್ಲೂ ಅದೇ ಐದನ್ನ ಉಳಿದವರಿಗೆ ಹಚ್ಚಿದ್ರು, ಈಗಂತೂ ಕಂಪನಿಗಳ ಟ್ರೇನಿಂಗಲ್ಲೂ ಅದೇ ಪಟ್ಟಿ ಬೋರ್ಡ್ ಮೇಲೆ ಬರೀತಾರೆ. ನೀವು ಎಂಟು ತಿಂಗಳಾದ ಮೇಲೂ ಮೂರನೇ ಹಂತದಲ್ಲೇ ಇದ್ದೀನಾ ಅಂತ ಲೆಕ್ಕ ಹಾಕ್ಕೊಂಡು ಕೂರೋ ಅಗತ್ಯ ಇಲ್ಲ.

ಈ ವಿಷಯದಲ್ಲಿ ಪುಸ್ತಕಗಳಿಗೆ ಬರ ಇಲ್ಲ, ಯಾರಿಗೋ ಬರೆದದ್ದನ್ನ ಇನ್ಯಾರ ಕೈಗೋ ಕೊಡೋದೇ ಎಡವಟ್ಟು. ಸಾಯೋರ ಪುಸ್ತಕ ಬೇರೆ, ಉಳ್ಕೊಂಡೋರ ಪುಸ್ತಕ ಬೇರೆ. ನಿಮಗೆ ಈಗ ಬೇಕಾಗಿರೋದು ಎರಡನೇದು, ಮೊದಲನೇದು ಆಮೇಲೆ ನಿಧಾನಕ್ಕೆ ಓದಿ. ಇನ್ನೊಂದು, ನಮ್ಮ ಕನ್ನಡದ ದೊಡ್ಡ ಸಾವಿನ ಬರವಣಿಗೆ ಸಮಾಧಾನ ಹೇಳೋಕೆ ಹೋಗಲ್ಲ, ಕೆಲಸದ ಮಾತಾಡತ್ತೆ, ಯಾರು ನೀರು ಬಿಡ್ಬೇಕು, ಯಾರು ಹೊರಬೇಕು, ಸ್ಮಶಾನದ ಸುಂಕ ಯಾರು ಕಟ್ಬೇಕು. ನನಗೆ ಇದೇ ಹೆಚ್ಚು ನಿಜ ಅನ್ಸತ್ತೆ, ಯಾಕಂದ್ರೆ ಮನೇಲಿ ಸಾವಾದಾಗ ಮೊದಲು ಎದುರಾಗೋದು ಫಿಲಾಸಫಿ ಅಲ್ಲ, ಫ್ರೀಝರ್ ಬಾಕ್ಸ್ ಎಲ್ಲಿ ಸಿಗತ್ತೆ, ಚಿತಾಗಾರದಲ್ಲಿ ಎಷ್ಟೊತ್ತಿಗೆ ಸ್ಲಾಟ್ ಅನ್ನೋದು.

ರನ್ನನಿಂದ ಶುರು ಮಾಡಿ ಅಂದ್ರೆ ಬೈಕೋಬೇಡಿ. ‘ಗದಾಯುದ್ಧ’ ಅಂದ್ರೆ ಭೀಮ ತೊಡೆ ಮುರಿಯೋ ಕಥೆ ಅಂತ ಸ್ಕೂಲಲ್ಲಿ ಓದಿರ್ತೀವಿ. ಆದ್ರೆ ಅದರ ಜೀವ ಇರೋದು ಅದಕ್ಕೂ ಮುಂಚೆ, ಎಲ್ಲಾ ಸೋತ ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ನಡ್ಕೊಂಡು ಭೀಷ್ಮನ ಹತ್ರ ಹೋಗೋ ಭಾಗದಲ್ಲಿ. ದಾರೀಲಿ ದ್ರೋಣ ಸಿಗ್ತಾನೆ, ಅಭಿಮನ್ಯು ಸಿಗ್ತಾನೆ, ಶತ್ರು ಕಡೆಯ ಹುಡುಗ ಅವನು, ಆದ್ರೂ ಕೈ ಮುಗಿದು ನಿನ್ನ ಸಾಹಸದಲ್ಲಿ ಒಂದಂಶ ಇರೋ ಸಾವಾದ್ರೂ ನನಗೆ ಬರಲಿ ಅಂತ ಕೇಳ್ಕೊತಾನೆ. ಆಮೇಲೆ ಸ್ವಂತ ಮಗ ಲಕ್ಷಣಕುಮಾರನ ಹೆಣ. ಅಲ್ಲಿ ಅವನು ಆಡೋ ಮಾತು ಇಷ್ಟೇ: ಅಪ್ಪನಿಗೆ ಮಗ ತರ್ಪಣದ ನೀರು ಬಿಡೋದು ಸರಿ, ಈಗ ನಾನೇ ನಿನಗೆ ಬಿಡೋ ಹಾಗಾಯ್ತಲ್ಲ ಮಗನೇ, ಕ್ರಮಾನೇ ತಿರುಗಾಮುರುಗಾ ಮಾಡೋದಾ ನೀನು. 10ನೇ ಶತಮಾನದ ಕೊನೇ ಭಾಗದ ಕವಿ ಖಳನಾಯಕನ ಬಾಯಲ್ಲಿ ಇದನ್ನ ಹಾಕಿದಾನೆ ನೋಡಿ. ನಿಮ್ಮ ವಿಷಯದಲ್ಲಿ ಕ್ರಮ ತಪ್ಪಿಲ್ಲ, ಮಗ ಅಪ್ಪನಿಗೆ ನೀರು ಬಿಟ್ಟಿದಾನೆ. ಅದು ಸಮಾಧಾನ ಅಲ್ಲ, ಗೊತ್ತು. ಆದ್ರೆ ‘ವಯಸ್ಸಾಗಿತ್ತು ಬಿಡಿ’ ಅಂತ ಬಂದೋರೆಲ್ಲ ಹೇಳಿದಾಗ ಮೈ ಉರಿದಿರತ್ತಲ್ಲ, ಅವ್ರು ಒರಟಾಗಿ ಹೇಳೋಕೆ ಹೊರಟಿದ್ದು ಇದನ್ನೇ. ಹಳಗನ್ನಡ ಕಷ್ಟ ಅಂದ್ರೆ ತೀನಂಶ್ರೀ ಅವರ ‘ಗದಾಯುದ್ಧ ಸಂಗ್ರಹ’ ಇಟ್ಕೊಳ್ಳಿ.

ಅದು ಭಾರ ಅನ್ಸಿದ್ರೆ ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಓದಿ, ಹಾಡಾಗಿ ಕೇಳಿರ್ತೀರಿ, ಪುಸ್ತಕದಲ್ಲಿ ಓದಿರಲ್ಲ. ಮಗು ಹೋಗಿದೆ, ಗಂಡ ಹೆಂಡ್ತಿ ಎದುರುಬದುರು ಕೂತಿದಾರೆ, ಅತ್ರೆ ಅತ್ತುಬಿಡು ಹೊನಲು ಬರಲಿ, ಸುಮ್ನೆ ನಕ್ಕು ಮರೆಸ್ತೀಯ ಯಾಕೆ ಅಂತ ಗಂಡ ಕೇಳ್ತಾನೆ. ಒಂದೇ ಮನೇಲಿ ಇಬ್ರು ಬೇರೆ ಬೇರೆ ಥರ ದುಃಖ ಪಡ್ತಿರೋದನ್ನ ಇಷ್ಟು ಚಿಕ್ಕದರಲ್ಲಿ ಇನ್ಯಾರೂ ಹೇಳಿದ್ದು ನಾನು ನೋಡಿಲ್ಲ. ನಿಮ್ಮ ತಾಯಿ ವಿಷಯದಲ್ಲೂ ಇದು ಉಪಯೋಗಕ್ಕೆ ಬರಬಹುದು.

ಕಾದಂಬರಿ ಬೇಕು ಅಂದ್ರಲ್ಲ, ಶಿವರಾಮ ಕಾರಂತರ ‘ಅಳಿದ ಮೇಲೆ’ (1960). ಯಶವಂತರಾಯ ಅನ್ನೋನು ಸತ್ತಿದಾನೆ, ಕಥೆ ಹೇಳೋನು ಅವನು ಬಿಟ್ಟುಹೋದ ಕಾಗದಪತ್ರ ಹಿಡ್ಕೊಂಡು ಅವನ ಬದುಕಲ್ಲಿ ಬಂದುಹೋದೋರನ್ನ ಒಬ್ಬೊಬ್ರನ್ನೇ ಹುಡುಕ್ಕೊಂಡು ಊರೂರು ತಿರುಗ್ತಾನೆ, ಒಬ್ಬೊಬ್ರೂ ಒಂದೊಂದು ಯಶವಂತನ್ನ ತೋರಿಸ್ತಾರೆ. ಅಪ್ಪನ ಬೀರು ತೆಗೆದು ಪಾಸ್‌ಬುಕ್ಕು, ಹಳೇ ಇನ್‌ಲ್ಯಾಂಡ್ ಲೆಟರು, ಯಾರದೋ ಫೋಟೋ ಎಲ್ಲಾ ನೋಡಿ ಇವ್ರು ಯಾರು ಅಂತ ತಲೆ ಕೆಡಿಸ್ಕೊಂಡೋರು ಈ ಪುಸ್ತಕಾನ ಬೇಗ ಕೆಳಗಿಡಲ್ಲ. ಜನ ‘ಮೂಕಜ್ಜಿ’ ಹಿಂದೆ ಬಿದ್ದು ಇದನ್ನ ಮರೆತೇಬಿಟ್ಟಿದಾರೆ, ನನ್ನ ಮಟ್ಟಿಗೆ ಕಾರಂತರ ಅತ್ಯುತ್ತಮ ಕಾದಂಬರಿಗಳಲ್ಲಿ ಇದೂ ಒಂದು.

ಇಂಗ್ಲಿಷಲ್ಲಿ ಉಳಿದವರ ಪುಸ್ತಕ ಒಂದೇ ಒಂದು ಹೇಳಿ ಅಂದ್ರೆ ಜೋನ್ ಡಿಡಿಯನ್ ಅವರ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’ (2005). 2003ರ ಡಿಸೆಂಬರ್ 30ರ ರಾತ್ರಿ ಊಟಕ್ಕೆ ಕೂತಾಗ ಗಂಡ ಕುಸಿದು ಹೋಗ್ಬಿಡ್ತಾರೆ. ಆಕೆ ಅವರ ಒಂದಿಷ್ಟು ಬಟ್ಟೆ ದಾನ ಕೊಡ್ತಾರೆ, ಬೂಟು ಕೊಡೋಕೆ ಮಾತ್ರ ಆಗಲ್ಲ, ವಾಪಸ್ ಬಂದ್ರೆ ಬೇಕಾಗತ್ತಲ್ಲ ಅಂತ. ತಲೆ ಪೂರ್ತಿ ಸರಿಯಿರೋ, ಲೆಕ್ಕಾಚಾರದ ಹೆಂಗಸು ಹಂಗೆ ಯೋಚ್ನೆ ಮಾಡಿದ್ದನ್ನ ತಾನೇ ತಣ್ಣಗೆ ಬರೀತಾರೆ.

ಈಗ ಹೆಣದ ಪುಸ್ತಕಗಳು, ಕ್ಷಮಿಸಿ, ಬೇರೆ ಹೆಸರಿಡೋಕೆ ಬರ್ತಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾಲೇಜಲ್ಲಿ ಓದಿರ್ತೀರಿ, ಬ್ರಾಹ್ಮಣ್ಯದ ವಿಮರ್ಶೆ ಅಂತ ನೋಟ್ಸ್ ಬರೆದಿರ್ತೀರಿ. ಮನೇಲಿ ಒಂದು ಸಾವು ನೋಡಿದ ಮೇಲೆ ಅದನ್ನೇ ಮತ್ತೆ ಓದಿ, ಬೇರೇನೇ ಪುಸ್ತಕ. ಪ್ಲೇಗಿಗೆ ಸತ್ತ ನಾರಣಪ್ಪನ ಹೆಣ ಕೊಳೀತಾ ಇದೆ, ಅದನ್ನ ಎತ್ತೋ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡೋ ಹಾಗಿಲ್ಲ, ಶಾಸ್ತ್ರ ತಿಳಿದೋರೆಲ್ಲ ಗ್ರಂಥ ತಿರುವಿ ಹಾಕ್ತಿದಾರೆ, ಕೊನೆಗೆ ಚಂದ್ರಿ ಒಬ್ಬ ಮುಸ್ಲಿಮನ ಸಹಾಯ ತಗೊಂಡು ಗಾಡೀಲಿ ಸಾಗಿಸಿ ರಾತ್ರೋರಾತ್ರಿ ಸುಟ್ಟು ಬರ್ತಾಳೆ. ಅಷ್ಟೂ ಜನ ಪುಟಗಟ್ಟಲೆ ಚರ್ಚೆ ಮಾಡಿದ ಕೆಲಸ ಅದು. ಭೈರಪ್ಪನವರ ‘ಗೃಹಭಂಗ’ದಲ್ಲೂ (1970) ಪ್ಲೇಗೇ ಬರೋದು, ಇಲಿ ಬೀಳತ್ತೆ, ಊರೋರು ಊರು ಬಿಟ್ಟು ಹೊರಗೆ ಶೆಡ್ಡು ಹಾಕ್ಕೊತಾರೆ, ನಂಜಮ್ಮನ ಮಕ್ಕಳು ಹೋಗ್ತಾರೆ, ಆಮೇಲೆ ಅವಳೂ. ನಮ್ಮ ಕಾದಂಬರಿಗಳಲ್ಲಿ ಇಷ್ಟು ಪ್ಲೇಗ್ ಯಾಕೆ ಅಂದ್ರೆ 1898ರಲ್ಲಿ ಬೆಂಗಳೂರಿಗೆ ಬಂದಿದ್ದು ಆಮೇಲೂ ದಶಕಗಟ್ಟಲೆ ಮೈಸೂರು ಸೀಮೇಲಿ ಮತ್ತೆ ಮತ್ತೆ ಬರ್ತಾನೇ ಇತ್ತು, ಬಸವನಗುಡಿ ಮಲ್ಲೇಶ್ವರ ಬಡಾವಣೆ ಬೆಳೆದಿದ್ದೂ ಅದೇ ಹೊಡೆತಕ್ಕೆ, ಪ್ಲೇಗಮ್ಮನ ಗುಡಿ ಹುಟ್ಟಿದ್ದೂ ಅದಕ್ಕೇ. ಕಾಮುವಿನ ‘ದಿ ಪ್ಲೇಗ್’ (1947) ಕೂಡ ಇಲಿ ಸಾಯೋದರಿಂದಲೇ ಶುರುವಾಗತ್ತೆ, ಆದ್ರೆ ಅಲ್ಲಿ ರೋಗ ಯುದ್ಧಕಾಲಕ್ಕೆ ಒಂದು ಸಂಕೇತ, ‘ಗೃಹಭಂಗ’ದಲ್ಲಿ ಅದು ಬರೀ ರೋಗ. ನನಗೆ ಎರಡನೇದೇ ಹೆಚ್ಚು ಭಯ ಹುಟ್ಟಿಸತ್ತೆ.

ಹಳೇದರಲ್ಲಿ ರಾಘವಾಂಕನ ಹರಿಶ್ಚಂದ್ರ ಕಾವ್ಯ. ಹಾವು ಕಚ್ಚಿ ಸತ್ತ ಮಗನ್ನ ಎತ್ಕೊಂಡು ಚಂದ್ರಮತಿ ರಾತ್ರಿ ಒಬ್ಳೇ ಸ್ಮಶಾನಕ್ಕೆ ಬಂದ್ರೆ ಕಾವಲುಗಾರ ಸುಡೋ ಸುಂಕ ಕೇಳ್ತಾನೆ, ಆ ಕಾವಲುಗಾರ ಅವಳ ಗಂಡಾನೇ. ಸತ್ಯ ಸತ್ಯ ಅಂತ ಹರಿಶ್ಚಂದ್ರನ್ನ ಹೊಗಳೋ ಭರದಲ್ಲಿ ಈ ಸುಂಕದ ವಿಷಯ ಯಾರೂ ಮಾತಾಡಲ್ಲ. ಸಾವಿಗೆ ಯಾವತ್ತೂ ಬಿಲ್ ಇದ್ದೇ ಇತ್ತು. ಜೊನಾಥನ್ ಪ್ಯಾರಿ ಅನ್ನೋ ಮಾನವಶಾಸ್ತ್ರಜ್ಞ ಕಾಶಿಯಲ್ಲಿದ್ದು ಬರೆದ ‘ಡೆತ್ ಇನ್ ಬನಾರಸ್’ (1994) ಪೂರ್ತಿ ಅದರ ಮೇಲೇ ನಿಂತಿದೆ: ಮಣಿಕರ್ಣಿಕಾ ಘಾಟಲ್ಲಿ ಬೆಂಕಿ ಕೊಡೋ ಡೋಮರು, ಪ್ರೇತಕಾರ್ಯದ ದಾನ ತಗೊಳ್ಳೋ ಮಹಾಬ್ರಾಹ್ಮಣರು, ದೋಣಿಯವರು, ಯಾರಿಗೆ ಯಾವ ಪಾಲು, ಯಾರ ಸರದಿ ಯಾವತ್ತು. ಮೋಕ್ಷದ ಊರು ಅಂತ ಭಕ್ತಿಯಿಂದ ಹೋಗೋರಿಗೆ ಸ್ವಲ್ಪ ಕಸಿವಿಸಿ ಆಗತ್ತೆ, ಅಸ್ಥಿ ಬಿಡೋಕೆ ಹೋದಾಗ ನದೀ ದಡದಲ್ಲಿ ಚೌಕಾಸಿ ಮಾಡಿ ಬಂದೋರಿಗೆ ಅರ್ಥ ಆಗತ್ತೆ. ಅಮೆರಿಕದಲ್ಲಿ ಇದೇ ಕೆಲಸವನ್ನ ಜೆಸಿಕಾ ಮಿಟ್‌ಫರ್ಡ್ 1963ರಲ್ಲೇ ‘ದಿ ಅಮೆರಿಕನ್ ವೇ ಆಫ್ ಡೆತ್’ನಲ್ಲಿ ಮಾಡಿದ್ರು, ಶವಪೆಟ್ಟಿಗೆ ಮಾರೋರು ದುಃಖದಲ್ಲಿರೋರ ಜೇಬಿಗೆ ಹೇಗೆ ಕೈ ಹಾಕ್ತಾರೆ ಅಂತ ನಗಿಸ್ತಾ ನಗಿಸ್ತಾ ಬಿಚ್ಚಿಟ್ಟ ಪುಸ್ತಕ. ಅದು ಎಬ್ಬಿಸಿದ ಗಲಾಟೆ ಮುಂದುವರೀತಾ ಹೋಗಿ 1984ರಲ್ಲಿ ಅಲ್ಲಿನ ಸರ್ಕಾರ ಪ್ರತಿಯೊಂದಕ್ಕೂ ಬೇರೆ ಬೇರೆ ರೇಟು ಬರೆದು ಕೊಡ್ಬೇಕು ಅಂತ ನಿಯಮ ತಂತು.

ಸಾಯೋರ ಪುಸ್ತಕಗಳಿಗೆ ಬರೋಣ. ಐಸಿಯು ಅಂದ್ರಲ್ಲ, ಅದಕ್ಕೇ ಹೇಳ್ತಿರೋದು, ಇವನ್ನ ಇನ್ನೊಂದಿಷ್ಟು ತಿಂಗಳು ಬಿಟ್ಟು ಓದಿ. ಅತುಲ್ ಗವಾಂಡೆ ಅವರ ‘ಬೀಯಿಂಗ್ ಮಾರ್ಟಲ್’ (2014) ತುಂಬಾ ಒಳ್ಳೇ ಪುಸ್ತಕ, ಕೊನೇಗಾಲದಲ್ಲಿ ಟ್ಯೂಬು, ವೆಂಟಿಲೇಟರು ಎಷ್ಟು ಬೇಕು, ರೋಗೀನ ಏನು ಕೇಳ್ಬೇಕು ಅಂತ ಒಬ್ಬ ಸರ್ಜನ್ನೇ ಹೇಳ್ತಾರೆ. ಆದ್ರೆ ಆಗಿಹೋದ ಮೇಲೆ ಓದಿದ್ರೆ ಪುಟಪುಟಕ್ಕೂ ‘ಅಯ್ಯೋ ನಾವು ಹಿಂಗೆ ಕೇಳ್ಬೇಕಿತ್ತು’ ಅಂತ ಚುಚ್ಚತ್ತೆ. ಅದು ಅಪ್ಪ ಅಮ್ಮ ಇನ್ನೂ ಇರೋರು ಓದ್ಬೇಕಾದ ಪುಸ್ತಕ, ನಿಮ್ಮ ಫ್ರೆಂಡಿಗೇ ಕೊಡ್ಸಿ. ಕೊನೇ ಭಾಗ ಮಾತ್ರ ನೀವೂ ಓದಬಹುದು, ಅಲ್ಲಿ ಅವ್ರು ಅಪ್ಪನ ಬೂದಿ ತಗೊಂಡು ಕಾಶಿಗೆ ಹೋಗ್ತಾರೆ, ಡಾಕ್ಟರಾಗಿ ಗಂಗೆ ನೀರು ಕುಡಿದ್ರೆ ಏನಾಗತ್ತೆ ಅಂತ ಗೊತ್ತು, ಮೊದಲೇ ಮಾತ್ರೆ ನುಂಗಿರ್ತಾರೆ, ಆದ್ರೂ ಮೂರು ಚಮಚ ಕುಡೀತಾರೆ, ಹೊಟ್ಟೆಗೆ ಸೋಂಕು ಹತ್ತಿಸ್ಕೊತಾರೆ. ನನಗೆ ಇಡೀ ಪುಸ್ತಕದಲ್ಲಿ ಹೆಚ್ಚು ಇಷ್ಟ ಆಗಿದ್ದು ಅದೇ. ಪಾಲ್ ಕಲಾನಿಧಿಯವರ ‘ವೆನ್ ಬ್ರೆತ್ ಬಿಕಮ್ಸ್ ಏರ್’ (2016) ಎಲ್ರೂ ಹೇಳೇ ಹೇಳ್ತಾರೆ, 37ನೇ ವಯಸ್ಸಿಗೆ ಕ್ಯಾನ್ಸರಲ್ಲಿ ಹೋದ ನ್ಯೂರೋಸರ್ಜನ್, ಅದರಲ್ಲಿ ಹೆಂಡತಿ ಬರೆದ ಕೊನೇ ಅಧ್ಯಾಯಾನೇ ನಿಮಗೆ ಹತ್ತಿರ ಆಗೋದು.

ಟಾಲ್‌ಸ್ಟಾಯ್ ಅವರ ‘ಇವಾನ್ ಇಲ್ಯಿಚ್‌ನ ಸಾವು’ (1886) ನೂರೇ ಚಿಲ್ಲರೆ ಪುಟ, ಅದನ್ನ ಮುಂದೆ ಹಾಕ್ಬೇಡಿ. ಕೋರ್ಟಿನ ಸಹೋದ್ಯೋಗಿಗಳಿಗೆ ಸಾವಿನ ಸುದ್ದಿ ಬಂದ ತಕ್ಷಣ ತಲೇಲಿ ಓಡೋದು ಅವನ ಜಾಗಕ್ಕೆ ಪ್ರಮೋಷನ್ ಯಾರಿಗೆ ಅಂತ, ಹೆಂಡತಿ ಕಣ್ಣೊರೆಸ್ಕೊತಾನೇ ಪೆನ್ಷನ್ ಜಾಸ್ತಿ ಬರೋ ದಾರಿ ಕೇಳ್ತಾಳೆ. ಪರದೆ ಸರಿಮಾಡೋಕೆ ಹೋಗಿ ಏಣಿಯಿಂದ ಜಾರಿದ್ದೇ ನೆಪ, ಡಾಕ್ಟರು, ಮನೆಯವರು ಎಲ್ರೂ ಸರಿಹೋಗತ್ತೆ ಅಂತ ನಾಟಕ ಆಡ್ತಾರೆ, ಗೆರಾಸಿಮ್ ಅನ್ನೋ ಹಳ್ಳಿ ಆಳುಮಗ ಒಬ್ಬನೇ ಸುಳ್ಳು ಹೇಳದೇ ಅವನ ಕಾಲು ತನ್ನ ಭುಜದ ಮೇಲೆ ಎತ್ತಿ ಇಟ್ಕೊಂಡು ರಾತ್ರಿಯೆಲ್ಲ ಕೂರೋದು. ಜನ ಹಿಂದೆ ಮನೇಲಿ, ಎಲ್ಲರ ನಡುವೆ ಸಾಯ್ತಿದ್ರು, ಈಗ ಅದನ್ನ ಆಸ್ಪತ್ರೇಲಿ ಬಚ್ಚಿಟ್ಬಿಟ್ಟಿದೀವಿ ಅನ್ನೋ ಮಾತು ಎಲ್ಲಾ ಕಡೆ ಕೇಳ್ತೀರಲ್ಲ, ಅದಕ್ಕೆ ದೊಡ್ಡ ಇತಿಹಾಸ ಬರೆದೋರು ಫ್ರಾನ್ಸಿನ ಫಿಲಿಪ್ ಏರಿಯೇಸ್ (1977). ಓದೋಕೆ ಚೆನ್ನಾಗಿದೆ. ಆದ್ರೆ ಹಳೇಕಾಲದ ಸಾವು ಅಷ್ಟೊಂದು ಶಾಂತವಾಗಿತ್ತು ಅನ್ನೋದನ್ನ ಪೂರ್ತಿ ನಂಬ್ಬೇಡಿ, ನಾರ್ಬರ್ಟ್ ಎಲಿಯಾಸ್ ಅನ್ನೋ ಸಮಾಜಶಾಸ್ತ್ರಜ್ಞ ಅದಕ್ಕೇ ಅವರನ್ನ ತರಾಟೆಗೆ ತಗೊಂಡ್ರು, ನೋವು ತಡೆಯೋ ಔಷಧಿ ಇಲ್ಲದ ಕಾಲದಲ್ಲಿ ಮನೆ ಜನರ ಮಧ್ಯೆ ಸತ್ತರೂ ಅದು ನರಳಾಟಾನೇ. ಐಸಿಯು ಬಾಗಿಲಾಚೆ ಕೂತಿದ್ದೀವಲ್ಲ ಅಂತ ನಿಮಗೆ ಕೊರಗಿದ್ರೆ ಎಲಿಯಾಸ್ ಮಾತನ್ನ ನೆನಪಿಟ್ಕೊಳ್ಳಿ.

ಇನ್ನು ನನ್ನ ಇಷ್ಟದ ಜಾಗ, ಸ್ವಲ್ಪ ಉದ್ದ ಆಗತ್ತೆ ಸಹಿಸ್ಕೊಳ್ಳಿ. ನಮಗೆ ಸಿಕ್ಕಿರೋ ಕನ್ನಡದ ಅತಿ ಹಳೇ ಗದ್ಯಕೃತಿ ‘ವಡ್ಡಾರಾಧನೆ’ ಇದೆಯಲ್ಲ, 10ನೇ ಶತಮಾನದ್ದು, ಅದು ಪೂರ್ತಿ ಸಾಯೋದರ ಬಗ್ಗೆಯೇ ಇರೋ ಪುಸ್ತಕ. 19 ಕಥೆ, ಮುನಿಗಳು ಘೋರ ಉಪಸರ್ಗ, ಅಂದ್ರೆ ಹೊರಗಿಂದ ಬರೋ ಹಿಂಸೆ, ಸಹಿಸ್ಕೊಂಡು ಹೇಗೆ ಪ್ರಾಣ ಬಿಟ್ರು ಅನ್ನೋದು. ಮೊದಲ ಕಥೆಯ ಸುಕುಮಾರ ಎಂಥ ನಾಜೂಕು ಅಂದ್ರೆ ಆಸನದ ಮೇಲೆ ಬಿದ್ದ ಸಾಸಿವೆ ಕಾಳು ಒತ್ತಿದ್ರೆ ಕೂರೋಕಾಗಲ್ಲ, ರತ್ನದ ಬೆಳಕಲ್ಲೇ ಬೆಳೆದೋನಿಗೆ ಆರತಿ ದೀಪ ನೋಡಿದ್ರೆ ಕಣ್ಣಲ್ಲಿ ನೀರು. ಅಂಥೋನು ದೀಕ್ಷೆ ತಗೊಂಡು ಕಾಡಲ್ಲಿ ಅಲ್ಲಾಡದೆ ನಿಂತಾಗ ಹೆಣ್ಣುನರಿಯೊಂದು ಮರಿಗಳ ಜೊತೆ ಬಂದು ಕಾಲಿಂದ ತಿನ್ನೋಕೆ ಶುರು ಮಾಡತ್ತೆ, ಹಿಂದಿನ ಜನ್ಮದಲ್ಲಿ ಅದು ಇವನ ಅತ್ತಿಗೆ, ಇವನು ಕಾಲಲ್ಲಿ ಒದ್ದಿರ್ತಾನೆ. ಓದೋಕೆ ಎದೆ ಗಟ್ಟಿ ಇರ್ಬೇಕು. ಡಿ.ಎಲ್. ನರಸಿಂಹಾಚಾರ್ಯರ ಆವೃತ್ತಿ ಪಂಡಿತರಿಗೆ, ನಿಮಗೆ ಹೊಸಗನ್ನಡಕ್ಕೆ ತಂದಿರೋದು ಸಾಕು.

ಇದು ಬರೀ ಕಥೆಯಲ್ಲ. ಶ್ರವಣಬೆಳಗೊಳಕ್ಕೆ ಹೋದೋರೆಲ್ಲ ಗೊಮ್ಮಟನ ದೊಡ್ಡಬೆಟ್ಟ ಹತ್ತಿ ವಾಪಸ್ ಬರ್ತಾರೆ, ಎದುರಿಗಿರೋ ಚಿಕ್ಕಬೆಟ್ಟಕ್ಕೂ ಹೋಗಿ. ಸಲ್ಲೇಖನದಿಂದ, ಅಂದ್ರೆ ಅನ್ನನೀರು ಬಿಡ್ತಾ ಹೋಗೋ ಜೈನರ ವ್ರತದಿಂದ, ಪ್ರಾಣ ಬಿಟ್ಟೋರ ಶಾಸನ ಸುಮಾರು 7ನೇ ಶತಮಾನದಿಂದ ಬಂಡೆ ಮೇಲೇ ಇವೆ. ನಂದಿಸೇನ ಮುನಿಯದ್ದು ನಾಲ್ಕೇ ಸಾಲು: ರೂಪ, ಲೀಲೆ, ಧನ, ವೈಭವ ಎಲ್ಲಾ ಕಾಮನಬಿಲ್ಲಿನ ಹಾಗೆ, ಮಿಂಚಿನ ಹಾಗೆ, ಮಂಜಿನ ಹಾಗೆ ಕಾಣಿಸಿ ಬೇಗ ಹೋಗ್ಬಿಡತ್ತೆ, ಯಾರಿಗೂ ನಿಲ್ಲಲ್ಲ, ಅಂತ ಹೇಳಿ ಸನ್ಯಸನ (ಅದೇ ಸಲ್ಲೇಖನ) ಮಾಡಿ ಹೋದ. ಕನ್ನಡದ ಆರಂಭಕಾಲದ ಒಳ್ಳೇ ಪದ್ಯಗಳಲ್ಲಿ ಒಂದು, ಅದೂ ಒಂದು ಸಾವಿನ ದಾಖಲೆ. ಈ ಬೆಟ್ಟದ ಸಾವುಗಳ ಮೇಲೆ ಧಾರವಾಡದ ಇತಿಹಾಸಕಾರ ಷ. ಶೆಟ್ಟರ್ ‘ಇನ್ವೈಟಿಂಗ್ ಡೆತ್’ (1986), ‘ಪರ್ಸ್ಯೂಯಿಂಗ್ ಡೆತ್’ (1990) ಅಂತ ಎರಡು ಇಂಗ್ಲಿಷ್ ಪುಸ್ತಕ ಬರೆದ್ರು, ಸಾವಿನ ಬಗ್ಗೆ ನಮ್ಮ ನೆಲದಿಂದ ಬಂದ ಸಂಶೋಧನೆ ಅಂದ್ರೆ ನಾನು ಮೊದಲು ತೋರಿಸೋದು ಇವನ್ನೇ. 2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನಾನ ಆತ್ಮಹತ್ಯೆ ಲೆಕ್ಕಕ್ಕೆ ಸೇರಿಸಿ ತೀರ್ಪು ಕೊಟ್ಟು, ಅದೇ ತಿಂಗಳು 31ಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಾಗ ಟಿವೀಲಿ ಕೂಗಾಡಿದ ಬಹಳ ಜನ ಶೆಟ್ಟರನ್ನ ಓದಿದ್ದಿದ್ರೆ ಸ್ವಲ್ಪ ತಗ್ಗಿ ಮಾತಾಡ್ತಿದ್ರೇನೋ.

ಶೆಟ್ಟರ್ ಮತ್ತು ಸೊಂಥೈಮರ್ ಸೇರಿ ಸಂಪಾದಿಸಿದ ‘ಮೆಮೋರಿಯಲ್ ಸ್ಟೋನ್ಸ್’ (1982) ವೀರಗಲ್ಲು, ಮಾಸ್ತಿಕಲ್ಲುಗಳ ಬಗ್ಗೆ. ಮದ್ದೂರು ಹತ್ರದ ಆತಕೂರಲ್ಲಿ ಸಿಕ್ಕಿದ ಸುಮಾರು ಕ್ರಿ.ಶ. 950ರ ಕಲ್ಲು ಹಂದಿ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ ನಿಲ್ಲಿಸಿದ್ದು, ಬೆಂಗಳೂರು ಮ್ಯೂಸಿಯಮ್ಮಿಗೆ ಸೇರಿದೆ, ಮಗಳನ್ನ ಕರ್ಕೊಂಡು ಹೋಗಿ. ವಚನಗಳನ್ನ ಬೇರೆಯಾಗಿ ಹೇಳ್ಬೇಕಿಲ್ಲ, ‘ನಾಳೆ ಬಪ್ಪುದು ನಮಗಿಂದೆ ಬರಲಿ’ ನಿಮಗೇ ಬರತ್ತೆ. ಒಂದೇ ಎಚ್ಚರಿಕೆ, ಅದು ತನ್ನ ಸಾವಿಗೆ ಹೆದರದೋನ ಮಾತು, ಅಪ್ಪನ್ನ ಕಳ್ಕೊಂಡೋರಿಗೆ ಅದನ್ನ ಹೇಳಿ ಧೈರ್ಯ ತುಂಬೋಕೆ ಹೋಗೋದು ಅದೇ ಐದು ಹಂತದ ಎಡವಟ್ಟೇ.

ಗರುಡ ಪುರಾಣಕ್ಕೆ ಬಂದ್ರೆ, ಅಮ್ಮ ಹೇಳೋದು ರೂಢಿ, ಅವ್ರ ಮನಸ್ಸು ನೋಯಿಸಿ ಓದ್ಬೇಕಾದಷ್ಟು ಅರ್ಜೆಂಟ್ ಏನಿಲ್ಲ. ಆದ್ರೆ ಗೊತ್ತಿರ್ಲಿ, ಕರ್ಮದ ದಿನಗಳಲ್ಲಿ ಓದಿಸೋದು ಅದರ ಪ್ರೇತಕಾಂಡದ ಭಾಗ ಅಥವಾ ಅದರಿಂದ ತೆಗೆದ ಸಂಗ್ರಹ ಅಷ್ಟೇ. ಮಿಕ್ಕ ಪುರಾಣದಲ್ಲಿ ರತ್ನ ಪರೀಕ್ಷೆ ಮಾಡೋದು ಹೇಗೆ, ಯಾವ ಜ್ವರಕ್ಕೆ ಯಾವ ಔಷಧಿ, ವ್ಯಾಕರಣ, ರಾಜನೀತಿ ಎಲ್ಲಾ ಇದೆ. ನರಕದ ವರ್ಣನೆ ಓದಿ ಅಪ್ಪ ಈಗ ವೈತರಣಿ ದಾಟ್ತಿದಾರಾ ಅಂತ ರಾತ್ರಿ ನಿದ್ದೆ ಕೆಡಿಸ್ಕೊಂಡ ಎಷ್ಟೋ ಜನ ನನ್ನ ಹತ್ರ ಬಂದಿದಾರೆ. ಸತ್ತು ಬದುಕಿ ಬಂದೆ, ಬೆಳಕು ಕಂಡೆ ಅನ್ನೋ ಥರದ ಬೆಸ್ಟ್‌ಸೆಲ್ಲರ್‌ಗಳನ್ನಂತೂ ಈಗ ಮುಟ್ಲೇಬೇಡಿ.

ಮಗಳಿಗೆ ಇ.ಬಿ. ವೈಟ್ ಅವರ ‘ಷಾರ್ಲಟ್ಸ್ ವೆಬ್’ (1952) ಓದಿ ಹೇಳಿ, ಹಂದಿಮರಿಯ ಪ್ರಾಣ ಉಳಿಸಿದ ಜೇಡ ಕೊನೆಗೆ ಜಾತ್ರೆ ಮುಗಿದ ಮೈದಾನದಲ್ಲಿ ಸಾಯತ್ತೆ, ಆಗ ಅದರ ಜೊತೆ ಯಾರೂ ಇರಲ್ಲ ಅನ್ನೋದನ್ನ ಲೇಖಕ ಮುಚ್ಚಿಡಲ್ಲ. ಆದ್ರೆ ಅದಕ್ಕೂ ಮುಂಚೆ ಗೋವಿನ ಹಾಡು. ಅವಳಿಗೆ ಈಗಾಗಲೇ ಬಾಯಿಪಾಠ ಇರತ್ತೆ, ಯೂಟ್ಯೂಬ್ ಕಾರ್ಟೂನಲ್ಲಿ ನೋಡಿರ್ತಾಳೆ. ನಾವು ದೊಡ್ಡೋರು ಅದರಲ್ಲಿ ಸತ್ಯವಾಕ್ಯ ಹುಡುಕ್ತೀವಿ, ಮಕ್ಕಳಿಗೆ ತಟ್ಟೋದು ಕರುವಿನ ಪ್ರಶ್ನೆ, ಇನ್ಮೇಲೆ ಯಾರ ಮೊಲೆ ಕುಡೀಲಿ, ಯಾರ ಹತ್ರ ಮಲಗ್ಲಿ. ಪುಣ್ಯಕೋಟಿ ಅದಕ್ಕೆ ವೇದಾಂತ ಹೇಳಲ್ಲ, ಕೊಟ್ಟಿಗೆಯ ಅಕ್ಕತಂಗಿಯರ ಹತ್ರ ಹೋಗಿ ಇವನನ್ನ ನಿಮ್ಮ ಕಂದ ಅಂತ ನೋಡ್ಕೊಳ್ಳಿ, ಮುಂದೆ ಬಂದ್ರೆ ಹಾಯಬೇಡಿ, ಹಿಂದೆ ಬಂದ್ರೆ ಒದೀಬೇಡಿ ಅಂತ ಒಪ್ಪಿಸಿ ಹೋಗತ್ತೆ. ನಿಮ್ಮ ಮಗಳೂ ತಾತ ಎಲ್ಲಿ ಅಂತ ಕೇಳೋವಾಗ ಅದರ ಹಿಂದೆ ಇಂಥದ್ದೇ ಏನೋ ಇರಬಹುದು, ಸ್ಕೂಲ್ ಬಸ್ ಹತ್ರ ಇನ್ಮೇಲೆ ಯಾರು ಬರ್ತಾರೆ, ರಾತ್ರಿ ಕಥೆ ಯಾರು ಹೇಳ್ತಾರೆ ಅಂತ. ಪದ್ಯ ಓದಿ ಅವಳನ್ನೇ ಕೇಳಿ, ಕರು ಕೇಳಿದ ಹಾಗೆ ನಿನಗೂ ಏನಾದ್ರೂ ಕೇಳೋದಿದೆಯಾ ಅಂತ.